ತವರಿನ ಗಾಳಿ

ಒಂದು ಇಡೀ ಊರಿನ ಜೊತೆ ಟೂ ಬಿಟ್ಟವರನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿದ್ದಾರೆ! ನನ್ನ ಓರಗಿತ್ತಿ. ನಾನು ಅಕ್ಕ ಎಂದೇ ಕರೆಯುವುದು. ಅವರಿಗೆ ಕಾಡಿನ ನಡುವಿನ ಬಿಸಿಲೆಯೆಂದರೆ ಆಗದು. ಅದು ಅವರದೇ ತವರು ಎಂಬುದು ಬೇರೆ ಮಾತು.

ಹೊಂಗಡಹಳ್ಳದ ನಮ್ಮ ಮನೆಯ ಮುಂದೆಯೇ ಬಿಸಿಲೆ ಬಸ್ಸು ಓಡಾಡುತ್ತದೆ. ಹೋಗುವಾಗ ಅಕ್ಕ ಸುಮ್ಮನಿರುತ್ತಾರೆ. ಅಲ್ಲಿಂದ ಬರುವಾಗ ಮಾತ್ರ ಮಗನನ್ನು ಒಳಗೆಳೆದು ದಢಾರನೆ ಬಾಗಿಲು! ಒಮ್ಮೆ ಜಗಲಿಯಲ್ಲೇ ಉಳಿದುಹೋದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಗಿದರು:

“ಏನಕ್ಕಾ, ಬಸ್ಸಲ್ಲಿ ಆನೆ ಬರ್ತೈತಾ?”

“ಆನೆ ಆದ್ರೆ ಓಡಿಸ್ಬೋದು ಕಣಯ್ಯ. ಗಾಳಿ ಓಡ್ಸಕ್ಕಾಯ್ತದಾ?”

ಬಿಸಿಲೆಯಿಂದ ಅವರಣ್ಣ ಕಳಿಸಿದ ಜೇನಿನ ಸೀಸೆಗೆ ಬಿಸಿನೀರಿನ ಸ್ನಾನ ಮಾಡಿಸಿ ನನಗೆ ದಾಟಿಸುತ್ತಾರೆ. “ನಂಗೆ ಗಾಳಿ ತಗಲಲ್ವಾ ಅಕ್ಕಾ?” ಎಂದರೆ, “ನಿನ್ ಕಂಡ್ರೆ ಗಾಳಿನೇ ಓಡ್ಹೋಯ್ತದೆ ಬಿಡು!”

ನಗುತ್ತೇವೆ. ಆದರೆ ಕಾರಣ ನಗುವಂಥದ್ದಲ್ಲ. ಮಗನಿಗೆ ಮೂರು ತುಂಬಿದಾಗ ತವರಿಗೆ ಕರೆದೊಯ್ದಿದ್ದರು. ಅಲ್ಲೇ ಮೊದಲ ಜ್ವರ, ಗಂಟಲು ನೋವು, ಬಾಯಿ ಹುಣ್ಣು. ಇಳಿಯಿತು ಎನ್ನುವಷ್ಟರಲ್ಲಿ ಮುಂದಿನ ತಿಂಗಳು ಮತ್ತೆ. ಆಮೇಲೆ ಒಂದು ತಿಂಗಳೂ ಬಿಡದೆ ಬರುತ್ತಲೇ ಇತ್ತು. “ಕಾಡಿನ ಗಾಳಿ ತಗಲ್ಬುಟ್ಟೈತೆ” ಎಂದರು ಊರವರು. ಅಕ್ಕ ನಂಬಿದರು. ಅಕ್ಕನಿಗಿಂತ ಹೆಚ್ಚಾಗಿ ಅವರ ಅವ್ವ ನಂಬಿದರು. ಮೊಮ್ಮಗನನ್ನು ನೋಡಲು ಬಂದರೆ ಗೇಟಿನಾಚೆಯೇ ನಿಲ್ಲುವರು. “ಬೇಡ ಕಣವ್ವ, ನನ್ ಸೀರೆಲೇ ಅಂಟ್ಕಂಡಿದ್ರೆ?” ಎನ್ನುವರು. ದೂರದಿಂದಲೇ ಕಣ್ತುಂಬ ನೋಡಿ ಹಿಂದಿರುಗುವರು.

ಹೋದ ಮಳೆಗಾಲದಲ್ಲಿ ಅವ್ವ ತೀರಿಕೊಂಡರು. ಮಣ್ಣಿಗೂ ಅಕ್ಕ ಮಗನನ್ನು ಕರೆದೊಯ್ಯಲಿಲ್ಲ.

ಮೊನ್ನೆ ಹಾಸನದ ಮಕ್ಕಳ ಡಾಕ್ಟರ ಬಳಿಗೆ ನಾನೂ ಜೊತೆಗೆ ಹೋಗಿದ್ದೆ. ಅವರು ರಕ್ತ ಪರೀಕ್ಷೆಗಳನ್ನೆಲ್ಲ ನೋಡಿ, “ಮೊದಲ ಜ್ವರ ಬಂದಾಗ ಎಷ್ಟು ವಯಸ್ಸು?” ಎಂದರು.

“ಮೂರು ಸಾರ್.”

“ಹ್ಞಾ. ಈ ಥರದ ಜ್ವರ ಸಾಮಾನ್ಯವಾಗಿ ಐದರೊಳಗೇ ಶುರುವಾಗೋದು. ಬೆಳೀತಾ ಹೆಚ್ಚಿನ ಮಕ್ಕಳಿಗೆ ತಾನಾಗೇ ನಿಲ್ಲುತ್ತೆ.”

“ಮತ್ತೆ... ಬಿಸಿಲೆ ಗಾಳಿ?”

“ಗಾಳಿ ಏನ್ಮಾಡುತ್ತಮ್ಮ? ನೀವು ಎಲ್ಲಿದ್ದಿದ್ರೂ ಬರ್ತಿತ್ತು.”

ಬೇರೆಯವರಾಗಿದ್ದರೆ ದೇವರಿಗೆ ಕೈಮುಗಿಯುತ್ತಿದ್ದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕುಳಿತು, ಸ್ಪೀಕರ್ ಹಾಕಿ ಅಣ್ಣನಿಗೆ ಫೋನು ಮಾಡಿದರು.

“ಅಣ್ಣಾ, ನಮ್ಮನೆ ಗಾಳಿ ಅಲ್ವಂತೆ ಕಣಣ್ಣ. ಫೋನ್ ತಗಂಡು ಅವ್ವನ್ನ ಮಣ್ಣು ಮಾಡಿರೋ ತಾವ ಹೋಗು. ನಾನೇ ಹೇಳ್ತೀನಿ.”

“ಅಲ್ಲಿ ನೆಟ್‌ವರ್ಕ್ ಸಿಗಲ್ಲ ಕಣವ್ವ. ನಾನೇ ಹೋಗಿ ಹೇಳ್ತೀನಿ ಬಿಡು.”

ಅಕ್ಕ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡರು.

“ಜೋರಾಗ್ ಹೇಳಣ್ಣ. ಅವ್ವಂಗೆ ಕಿವಿ ಮಂದ.”