ತಳೆ ಬೇಕೋ, ಸೀಟು ಬೇಕೋ

ಕಳೆದ ಭಾನುವಾರ ಬೆಳಿಗ್ಗೆ ಠಾಣೆ ನಗರದ ಪೂರ್ವದ ಕೋಪರಿಯಲ್ಲಿ ನನ್ನ ಸೋದರಮಾವ ತೆಂಗಿನ ಮರ ಹತ್ತಿದರು. ವಯಸ್ಸು ಅರವತ್ತೆಂಟು, ಹೋಟೆಲಿನ ಗಲ್ಲಾದಿಂದ ನಿವೃತ್ತರು. ಪತ್ರಿಕಾ ಕಚೇರಿಯಲ್ಲಿ ದುಡಿಯುವ ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟೇ. ಮಿಕ್ಕಿದ್ದು, ಮಾವನ ಕುರಿತ ಯಾವುದೇ ಸುದ್ದಿಯಂತೆ, ಗೊಂದಲ!

ಮಾವ ಪರೀಕ್ಷಿಸದೆ ಏನನ್ನೂ ಕೊಳ್ಳುವವರಲ್ಲ. ಒಮ್ಮೆ ಕೊಡೆ ತರಲು ಹೋದವರು ಮಳೆ ಬರುವವರೆಗೆ ಅಂಗಡಿಯಲ್ಲೇ ಕೂತರು. ಮಳೆ ಬಂತು. ಕೊಡೆ ಬಿಚ್ಚಿ ಸ್ಟೇಷನ್‌ವರೆಗೆ ನಡೆದು ಮರಳಿ, "ಅಡ್ಡಿಯಿಲ್ಲ, ಆದರೆ ಮಳೆ ಸಣ್ಣದಿತ್ತು" ಎಂದು ಅದನ್ನು ವಾಪಸು ಕೊಟ್ಟರು. ಮನೆಗೆ ಬಂದದ್ದು ತೊಯ್ದುಕೊಂಡು!

ಇಂಥವರ ತಲೆಗೆ ಮರ ಹತ್ತುವ ಸಲಕರಣೆ ಹೊಕ್ಕದ್ದು ಹೀಗೆ. ಅವರ ಹೌಸಿಂಗ್ ಸೊಸೈಟಿಯ ಅಂಗಳದ ತೆಂಗಿನ ಮರದಿಂದ ಕಾಯೊಂದು ಸೆಕ್ರೆಟರಿಯ ಸ್ಕೂಟರ್ ಮೇಲೆ ಬಿತ್ತು. ಕಾಯಿ ಇಳಿಸುವವರು ಸಿಗುತ್ತಿಲ್ಲ. ಮರ ಕಡಿಸಲು ಅರ್ಜಿ ಹಾಕೋಣ ಎಂದಿತು ಕಮಿಟಿ. ಮಾವ ಸಭೆಯಲ್ಲಿ ಎದ್ದು ನಿಂತು, ಕಾಯಿ ನಾನೇ ಇಳಿಸುತ್ತೇನೆ, ಒಂದು ಸಲಕರಣೆ ಬೇಕು ಎಂದರು. ಆದರೆ ತಮ್ಮದೇ ಮರಾಠಿಯಲ್ಲಿ ಎಂದರು!

"ನಾರಳಾಸಾಠಿ ತಳೆ ಪಾಹಿಜೆ!"

ನಮ್ಮ ಉಡುಪಿಯ ಕಡೆ ತಳೆ ಎಂದರೆ ಮರ ಹತ್ತುವವರು ಪಾದಗಳಿಗೆ ಸಿಕ್ಕಿಸಿಕೊಳ್ಳುವ ಹಗ್ಗದ ಬಳೆ. ಮರಾಠಿಯಲ್ಲಿ ತಳೆ ಎಂದರೆ ಕೆರೆ. ಸಭೆಗೆ ಕೇಳಿಸಿದ್ದು, ತೆಂಗಿನಕಾಯಿಗೆ ಕೆರೆ ಬೇಕು!

"ಕಾಕಾ, ಇಥೆ ಪಾರ್ಕಿಂಗ್‌ಲಾ ಜಾಗಾ ನಾಹಿ, ತಳೆ ಕುಠೆ ಕರಣಾರ್?" ಪಾರ್ಕಿಂಗಿಗೇ ಜಾಗವಿಲ್ಲ, ಕೆರೆ ಎಲ್ಲಿ ಮಾಡುತ್ತೀರಿ ಎಂದು ಸೆಕ್ರೆಟರಿಯ ಪ್ರಶ್ನೆ.

"ಪಾಯಾತ್!" ಎಂದರು ಮಾವ. ಕಾಲಿನಲ್ಲಿ!

ಸೊಳ್ಳೆ ಹೆಚ್ಚುತ್ತದೆ ಎಂದು ಒಬ್ಬರು ಆಕ್ಷೇಪಿಸಿದರು. ಮಾವ ಪಕ್ಕದಲ್ಲಿ ಕೂತಿದ್ದ ನನ್ನತ್ತ ತಿರುಗಿ, "ಹಗ್ಗಕ್ಕೆ ಎಂಥ ಸೊಳ್ಳೆ ಮಾರಾಯ?" ಎಂದರು. ಕೊನೆಗೆ ಕಮಿಟಿ, ಮುಂದಿನ ಸಭೆಯೊಳಗೆ ಕಾಯಿ ಇಳಿಯಬೇಕು, ಇಲ್ಲದಿದ್ದರೆ ಮರ ಇಳಿಯುತ್ತದೆ ಎಂದು ತೀರ್ಮಾನಿಸಿತು.

ತಳೆಗೆ ಗಟ್ಟಿ ಕಾಲು ಬೇಕು, ಯಂತ್ರವೇ ಸರಿ ಎಂದು ಮಾವ ನನ್ನನ್ನು ಕಲ್ಯಾಣದ ಅಂಗಡಿಗೆ ಎಳೆದೊಯ್ದರು. ಅಲ್ಲಿ ಎರಡು ಬಗೆ: ನಿಂತು ಹತ್ತುವುದು, ಕೂತು ಹತ್ತುವುದು. ನಿಂತು ಹತ್ತುವುದೇ ಬೇಗ ಏರುತ್ತದೆ ಎಂದ ಸೇಲ್ಸ್‌ಮನ್. ಮಾವ ಅದರತ್ತ ನೋಡಲೂ ಇಲ್ಲ. ಸೀಟನ್ನು ಒತ್ತಿದರು, ತಟ್ಟಿದರು, ಅಂಗಡಿಯ ಕಂಬಕ್ಕೆ ಕಟ್ಟಿಸಿ ಕೂತೇಬಿಟ್ಟರು.

"ಇಸ್‌ಮೇ ಕಿತ್ನಾ ಟೈಮ್ ಬೈಠ್ ಸಕ್ತಾ ಹೈ?" ಇದರಲ್ಲಿ ಎಷ್ಟು ಹೊತ್ತು ಕೂರಬಹುದು ಎಂದು ಮಾವನ ಪ್ರಶ್ನೆ.

"ಅಂಕಲ್, ನಾರಿಯಲ್ ತೋಡನಾ ಹೈ ಕಿ ಪಿಕ್ನಿಕ್?" ಕಾಯಿ ಕೀಳುವುದೋ, ಪಿಕ್ನಿಕ್ಕೋ ಎಂದ ಸೇಲ್ಸ್‌ಮನ್.

ನನಗೂ ಅರ್ಥವಾಗಲಿಲ್ಲ. ಕಾಯಿ ಕೊಯ್ಯುವವರಿಗೆ ಅಷ್ಟು ಹೊತ್ತು ಮೇಲೇನು ಕೆಲಸ? ಲೋಕಲ್ ರೈಲಿನಲ್ಲಿ ಮರಳುವಾಗ ಕೇಳಿದೆ. "ಸೀಟು ಸಿಕ್ಕಿದರೆ ಯಾರಾದ್ರೂ ನಿಲ್ತಾರಾ?" ಎಂದರು, ಬಾಗಿಲ ಬಳಿ ನೇತಾಡುತ್ತ.

ಭಾನುವಾರ ಸೇಲ್ಸ್‌ಮನ್ ಯಂತ್ರ ತಂದ. ಕೊಳ್ಳುವ ಮಾತು ಪರೀಕ್ಷೆಯ ನಂತರ! ಮಾವ ಸೊಂಟಕ್ಕೆ ಬೆಲ್ಟ್ ಬಿಗಿದು ಕೂತರು, ಏರಿದರು, ಗೊನೆಗಳನ್ನು ಹಗ್ಗದಲ್ಲಿ ಇಳಿಸಿದರು. ಸೆಕ್ರೆಟರಿ ಕತ್ತೆತ್ತಿ ನೋಡಿ, "ಬರಂ, ಝಾಡ ರಾಹೂ ದ್ಯಾ" ಎಂದರು. ಮರ ಉಳಿಯಿತು.

ಇಳಿಯುತ್ತಿದ್ದ ಮಾವ ಎರಡನೇ ಮಹಡಿಯ ಕಿಟಕಿಯ ಎದುರು ಯಂತ್ರ ನಿಲ್ಲಿಸಿ ಕೂತರು. ಅದು ಅವರದೇ ಮನೆ. ಮೊದಲೆಲ್ಲ ಸಂಜೆ ಮಾವ, ಅತ್ತೆ ಇಬ್ಬರೂ ಈ ಮರದ ಬುಡದ ಬೆಂಚಿನಲ್ಲಿ ಕೂರುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಅತ್ತೆ ಲಿಫ್ಟಿಲ್ಲದ ಆ ಕಟ್ಟಡದಿಂದ ಇಳಿದಿಲ್ಲ.

"ಎಂಥ ಮಾರಾಯ್ರೆ, ಸಿಕ್ಕಿಹಾಕಿಕೊಂಡ್ರಾ?" ಗ್ರಿಲ್ ಹಿಂದಿನಿಂದ ಅತ್ತೆಯ ದನಿ.

"ಇಲ್ಲ, ಸೀಟು ನೋಡ್ತಾ ಇದ್ದೇನೆ."

"ಕಾಫಿ ಕೊಡ್ಲಾ?"

"ಅಂಕಲ್, ಲೇನಾ ಹೈ ಕಿ ನಹೀಂ?" ಕೊಳ್ಳುತ್ತೀರೋ ಇಲ್ಲವೋ ಎಂದು ಸೇಲ್ಸ್‌ಮನ್ ಕೆಳಗಿನಿಂದ ಕೂಗಿದ.

ನಾನು ಡ್ಯೂಟಿಗೆ ಹೊರಟು ಗೇಟು ದಾಟುವವರೆಗೂ ಮಾವನ ಸೀಟಿನ ಪರೀಕ್ಷೆ ಮುಗಿದಿರಲಿಲ್ಲ; ಅವರು ಕಿಟಕಿಯತ್ತ ಕೈ ಚಾಚಿದ್ದರು. ಗ್ರಿಲ್‌ನೊಳಗಿಂದ ಕಾಫಿ ಲೋಟ ಹೊರಬರುತ್ತಿತ್ತು.