ಫೋಲ್ಡರಿನ ಹೆಸರಿಗೆ ಇನ್ನೂ ಸ್ವಲ್ಪ ಜಾಗ ಕೊಡುವ ಬಗ್ಗೆ

ಇಂದ:
ರಂಜನ್ ಬಿನ್ ದುಗ್ಗಪ್ಪ, ವಾಸ ಬೈಂದೂರು,
ಡಿಸೈನರ್, ಹೆದ್ದಾರಿ ಬದಿಯ ಫ್ಲೆಕ್ಸ್ ಅಂಗಡಿ, ಕುಂದಾಪುರ.
(“ಒಂಬತ್ತನೇ ಕ್ಲಾಸಿಗೇ ಶಾಲಿ ಬಿಟ್ಟ ಅರ್ಧ ಮಂಡಿ”, ಅಂದರೆ ಅರ್ಧ ತಲೆಯವ, ಎಂದು ಇಡೀ ಒಂದು ಕ್ರಿಕೆಟ್ ತಂಡದ ಎದುರು ಮಾಲೀಕರಿಂದ ದೃಢೀಕರಿಸಲ್ಪಟ್ಟವನು)

ಗೆ:
ಮಾನ್ಯ ಮುಖ್ಯಸ್ಥರು, ಲಾಗ್ ಓದುವ ವಿಭಾಗ,
ಬ್ಯಾಕಪ್ ಸಾಫ್ಟ್‌ವೇರ್ ಕಂಪನಿ.

ಮುಖಾಂತರ: ಯಾರ ಮುಖಾಂತರವೂ ಅಲ್ಲ. ಸದ್ಯ ಮಾಲೀಕರ ಮುಖ ನೋಡುವ ಸ್ಥಿತಿಯಲ್ಲಿ ಅರ್ಜಿದಾರನಿಲ್ಲ.

ವಿಷಯ: ಲಾಗ್‌ನಲ್ಲಿ ಕಂಡುಬಂದ ತಪ್ಪು ಯಾರದ್ದೆಂದು ಲಿಖಿತವಾಗಿ ತಿಳಿಸುವ ಹಾಗೂ ಫೋಲ್ಡರಿನ ಹೆಸರಿಗೆ ಹೆಚ್ಚುವರಿ ಜಾಗ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
೧. ತಮ್ಮ ಇಮೇಲ್: “ಲಾಗ್ ಕಳಿಸಿ.”
೨. ತಮ್ಮ ಇನ್ನೊಂದು ಇಮೇಲ್: “ಈ ಲಾಗ್ ಸಾಲದು. ಲಾಗ್ ಮಟ್ಟವನ್ನು ಡೀಬಗ್‌ಗೆ ಏರಿಸಿ, ತಪ್ಪು ಮತ್ತೆ ಆಗುವಂತೆ ಮಾಡಿ, ಆಮೇಲೆ ಕಳಿಸಿ.”
೩. ಮಾಲೀಕರ ಮೌಖಿಕ ಆದೇಶ: “ಹ್ವಾಯ್, ಎಂತ ಮಾಡ್ತಾ ಕೂತಿದ್ಯಾ?” (ದಿನವಹಿ)

ಮಾನ್ಯರೇ,

ತಾಲೂಕು ಕಚೇರಿಗೆ ಹೋಗುವವರ ಅರ್ಜಿಗಳನ್ನು ಇದೇ ಅಂಗಡಿಯಲ್ಲಿ ಟೈಪ್ ಮಾಡಿಕೊಟ್ಟು ಅರ್ಜಿದಾರನ ಕೈ ಪಳಗಿದೆ. ಆದಕಾರಣ ನಮೂನೆಯಲ್ಲಿ ಕೊರತೆ ಇರಲಾರದು. ಸಿಟ್ಟು ಮಾತ್ರ ಸ್ವಂತದ್ದು.

೧. ಡಿಸೈನ್ ಆಗುವುದು ಕುಂದಾಪುರದಲ್ಲಿ, ಪ್ರಿಂಟ್ ಆಗುವುದು ಬ್ರಹ್ಮಾವರದಲ್ಲಿ. ಮೊದಲೆಲ್ಲ ಅರ್ಜಿದಾರನೇ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ. ಆಮೇಲೆ ಮಾಲೀಕರಾದ ಶ್ರೀ ದೇವಪ್ಪನವರು ತಮ್ಮ ಸಾಫ್ಟ್‌ವೇರನ್ನು ಹಾಕಿಸಿದರು. ಇದು ಪ್ರತಿ ಸಂಜೆ ಇಲ್ಲಿನ ಫೈಲುಗಳನ್ನೆಲ್ಲ ಬ್ರಹ್ಮಾವರದ ಕಂಪ್ಯೂಟರಿಗೆ ನಕಲು ಮಾಡಿ, ಮಾಡಿದ್ದನ್ನು ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಆ ನಕಲಿನಿಂದಲೇ ಅಲ್ಲಿ ಪ್ರಿಂಟ್ ತೆಗೆಯತಕ್ಕದ್ದು ಎಂದು ಆದೇಶವಾಯಿತು. ಬ್ಯಾಕಪ್ ಇರುವುದು ಅದಕ್ಕಲ್ಲ ಎಂದು ಅರ್ಜಿದಾರ ವಿನಂತಿಸಿದ್ದಕ್ಕೆ, “ಬ್ಯಾಕಪ್ ಅಂದ್ರೆ ಫೈಲ್ ತಕಂಡ್ ಹೋಪ ಬಸ್ಸ್ ಮಾರಾಯಾ, ಅದೂ ಟಿಕೆಟ್ ಇಲ್ದೆ” ಎಂಬ ಹಿಂಬರಹ ಸಿಕ್ಕಿತು.

೨. ಕೋಡಿಯ ಕ್ರಿಕೆಟ್ ತಂಡದ ಅಧ್ಯಕ್ಷರಾದ ಶ್ರೀ ಪ್ರೇಮಾನಂದರು ಪಂದ್ಯಾಟದ ಬ್ಯಾನರ್ ಮಾಡಿಸಿದರು. ಮೊದಲ ಪ್ರತಿಯಲ್ಲಿ ಅವರ ಮೋರೆ ಲಿಂಬೆಹಣ್ಣಿನಷ್ಟಿತ್ತು. ಅವರ ಅಪೇಕ್ಷೆಯಂತೆ ಅದು ಎಳನೀರಿನ ಬೊಂಡದಷ್ಟಾಯಿತು, ಆಮೇಲೆ ಹಲಸಿನಹಣ್ಣಿನಷ್ಟಾಯಿತು. ಜೊತೆಗೆ ದೇವಪ್ಪನವರು ಬಣ್ಣವನ್ನು ನೀಲಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ, ಪುನಃ ಕೆಂಪಿಗೆ ಓಡಾಡಿಸಿದರು. ಹಳೆಯದು ಕಳೆದುಹೋಗಬಾರದೆಂದು, ಪ್ರತಿ ಬದಲಾವಣೆಗೂ ಹಿಂದಿನ ಫೋಲ್ಡರಿನ ಒಳಗೇ ಇನ್ನೊಂದು ಫೋಲ್ಡರ್ ಮಾಡುವುದು ಈ ಅಂಗಡಿಯ ಪದ್ಧತಿ.

೩. ಕೆಲವು ದಿನ ಕಳೆದು ಪ್ರೇಮಾನಂದರು ಬ್ಯಾನರನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು, ತಂಡ ಸಮೇತ ಅಂಗಡಿಗೆ ನುಗ್ಗಿದರು. ನೆಲದ ಮೇಲೆ ಬಿಡಿಸಿ ಹಾಕಿ, “ದೇವಪ್ಪಣ್ಣ, ಇದ್ರಂಗೆ ನಾ ಎಲ್ಲಿದ್ದೆ, ತೋರ್ಸಿ ಕಾಂಬ! ನನ್ ಹೆಂಡ್ತಿಗೇ ಗುರ್ತ ಸಿಕ್ಲಿಲ್ಲ!” ಎಂದರು. ವಿಕೆಟ್ ಕೀಪರ್ ಮೊಣಕಾಲೂರಿ ಹುಡುಕಿ, ತೆಂಗಿನಮರದ ಬುಡದಲ್ಲಿ ಲಿಂಬೆಹಣ್ಣನ್ನು ಪತ್ತೆಹಚ್ಚಿದ. ಬ್ರಹ್ಮಾವರದಲ್ಲಿ ಕಡೆಯ ಫೋಲ್ಡರ್ ಸಿಗದೆ, ಎಲ್ಲಕ್ಕಿಂತ ಹೊರಗಿದ್ದ ಮೊದಲ ಪ್ರತಿಯೇ ಪ್ರಿಂಟ್ ಆಗಿತ್ತು.

೪. ಆಗ ದೇವಪ್ಪನವರು ಅರ್ಜಿದಾರನ ಕಡೆ ಬೆರಳು ತೋರಿಸಿ ಅಪ್ಪಣೆ ಕೊಡಿಸಿದ್ದು: “ಒಂಬತ್ತನೇ ಕ್ಲಾಸಿಗೇ ಶಾಲಿ ಬಿಟ್ಟ ಅರ್ಧ ಮಂಡಿ ಇವ್ನ್! ಹಳೀ ಫೈಲ್ ಕಳ್ಸಿ ಕೂತಿದ್ದ. ಇವ್ನಿಗೆ ಕಂಪ್ಯೂಟರ್ ಕೊಟ್ಟದ್ದೇ ನನ್ ತಪ್ಪ್. ಗೋಂದ್ ಹಚ್ಚೂಕೆ ಕೂರ್ಸ್ಕಿತ್ತ್!” ಹನ್ನೊಂದೂ ಜನ ನಕ್ಕರು. ಹನ್ನೆರಡನೇ ಆಟಗಾರನೂ ನಕ್ಕ.

೫. (ಈ ಅಂಶವನ್ನು ಸಿಟ್ಟಿನಲ್ಲಿ ಬರೆದು, ಅಂಗಡಿಯ ಬಿಲ್ ಬರೆಯುವ ವಿಜೇತಕ್ಕನ ಸಲಹೆಯ ಮೇರೆಗೆ ಅಳಿಸಲಾಗಿದೆ.)

೬. ಅರ್ಜಿದಾರ ಎದ್ದು ನಿಂತ. “ದೇವಪ್ಪಣ್ಣ, ನಾ ಹೊಸ ಫೈಲೇ ಇಟ್ಟದ್ದ್. ನಿಮ್ಮ ಬಸ್ಸೇ ಅದನ್ನ ಹತ್ತಿಸ್ಕಳ್ಳಿಲ್ಲ. ಲಾಗ್ ತೆಗೀತೆ, ಎಲ್ರ ಎದ್ರೇ ಓದುವ. ನನ್ ತಪ್ಪ್ ಅಂದೇಳಿ ಬಂದ್ರೆ ಇವತ್ತೇ ಕೆಲ್ಸ ಬಿಡ್ತೆ. ಅಲ್ದಿದ್ರೆ ಒಂಬತ್ತನೇ ಕ್ಲಾಸ್ ಅಂಬ ಶಬ್ದ ಇನ್ಮೇಲೆ ನಿಮ್ಮ ಬಾಯಂಗೆ ಬಪ್ಪುಕಾಗ!”

“ಆಯ್ತ್, ಕಾಂಬ” ಎಂದರು ದೇವಪ್ಪನವರು.

ಕೆಲಸ ಬಿಟ್ಟರೆ ಅರ್ಜಿದಾರನಿಗೆ ಮುಂಬೈಯಲ್ಲಿ ಮಾವನ ಹೋಟೆಲಿನಲ್ಲಿ ಲೋಟ ತೊಳೆಯುವ ಹುದ್ದೆ ಖಾಲಿ ಇರುತ್ತದೆ. ಆ ಹುದ್ದೆ ಅವನಿಗೆ ಬೇಡ. ಫ್ಲೆಕ್ಸಿನಲ್ಲಿ ಒಂದು ಮೋರೆಯ ಸುತ್ತ ಬೆಳಕು ಬಿಡಿಸುವ ಕೆಲಸ ಅವನಿಗೆ ಇಷ್ಟ. ಇದನ್ನು ಅವನು ಯಾರಿಗೂ ಹೇಳಿಲ್ಲ.

೭. ಮೊದಲು ತೆಗೆದ ಸಾದಾ ಲಾಗ್‌ನಲ್ಲಿ “ಒಂದನ್ನು ಬಿಡಲಾಗಿದೆ” ಎಂದಷ್ಟೇ ಇತ್ತು. ಯಾವುದನ್ನು, ಯಾಕೆ ಎಂಬ ವಿವರ ಇರಲಿಲ್ಲ. ಅದನ್ನು ಕಳಿಸಿದ್ದಕ್ಕೆ ತಾವು ಉಲ್ಲೇಖ ೨ರಂತೆ ಉತ್ತರಿಸಿದಿರಿ. “ತಪ್ಪು ಮತ್ತೆ ಆಗುವಂತೆ ಮಾಡಿ” ಎಂದು ಒಬ್ಬರು ಗೌರವಪೂರ್ವಕವಾಗಿ ಕೇಳಿಕೊಂಡದ್ದು ಅರ್ಜಿದಾರನ ಜೀವನದಲ್ಲಿ ಇದೇ ಮೊದಲು.

೮. ಮರುದಿನ ತಂಡ ಪ್ರಾಕ್ಟೀಸ್ ಬಿಟ್ಟು ಪುನಃ ಹಾಜರಾಯಿತು. ಅರ್ಜಿದಾರ ಸೆಟ್ಟಿಂಗಿಗೆ ಹೋಗಿ ಲಾಗ್ ಮಟ್ಟವನ್ನು ಡೀಬಗ್‌ಗೆ ಏರಿಸಿದ. ಡೀಬಗ್ ಎಂದರೆ ಸಾಫ್ಟ್‌ವೇರ್ ತಾನು ಮುಟ್ಟಿದ್ದು, ಬಿಟ್ಟದ್ದು, ಬಿಟ್ಟದ್ದಕ್ಕೆ ಕಾರಣ ಎಲ್ಲವನ್ನೂ ಹೆಸರು ಸಮೇತ ಬಾಯಿಬಿಡುವುದು. ಸಾಫ್ಟ್‌ವೇರನ್ನು ಒಮ್ಮೆ ನಿಲ್ಲಿಸಿ ಪುನಃ ಶುರು ಮಾಡಿ, ಬ್ಯಾಕಪ್ ಓಡಿಸಿ, ಲಾಗ್ ಒಟ್ಟುಮಾಡುವ ಬಟನ್ ಒತ್ತಿದ. ಅದೂ ಸಾಲದೆಂದು, ಗಿರಾಕಿಗಳಿಗೆ ಡಿಸೈನ್ ತೋರಿಸುವ ಗೋಡೆಯ ದೊಡ್ಡ ಟಿವಿಗೆ ಕಂಪ್ಯೂಟರನ್ನು ಜೋಡಿಸಿದ. ಅದೂ ಸಾಲದೆಂದು, “ವಿಜೇತಕ್ಕ, ದೊಡ್ಡಕೆ ಓದಿ, ಎಲ್ರಿಗೂ ಕೇಂಬ ಹಾಂಗೆ” ಎಂದ. ಈ ಮೂರೂ ಕೃತ್ಯಗಳನ್ನು ಯಾರೂ ಒತ್ತಾಯಿಸಿ ಮಾಡಿಸಿದ್ದಲ್ಲ.

೯. ಇಲ್ಲೊಂದು ವಿವರಣೆ ಅಗತ್ಯ. ಗಿರಾಕಿಗಳ ಎದುರು ಮಾಲೀಕರಿಗೆ ಎದುರುತ್ತರ ಕೊಡಲು ಅವಕಾಶವಿಲ್ಲದ ಕಾರಣ, ಅರ್ಜಿದಾರ ತನ್ನ ಉತ್ತರಗಳನ್ನು ಫೋಲ್ಡರಿನ ಹೆಸರಾಗಿ ಟೈಪ್ ಮಾಡುತ್ತಾ ಬಂದಿರುತ್ತಾನೆ. ಬಾಯಲ್ಲಿ ಹೇಳಿದರೆ ಕೆಲಸ ಹೋಗುತ್ತದೆ, ಫೋಲ್ಡರಿನಲ್ಲಿ ಹೇಳಿದರೆ ಸೇವ್ ಆಗುತ್ತದೆ. ಡೀಬಗ್ ಏರಿಸುವಾಗ ಇದು ಅವನ ಮಂಡೆಗೆ ಹೊಳೆಯಲಿಲ್ಲ.

೧೦. ವಿಜೇತಕ್ಕ ಓದಿದ್ದು ಈ ಕೆಳಗಿನಂತೆ, ಒಂದರೊಳಗೊಂದು:
ಕೋಡಿ ಕ್ರಿಕೆಟ್ /
ಪ್ರೇಮಾನಂದಣ್ಣನ ಮೋರೆ ದೊಡ್ಡದ್ ಮಾಡಿದ್ದ್ /
ಇನ್ನೂ ದೊಡ್ಡದ್ ಮಾಡಿದ್ದ್ ಇನ್ ಬಾಲಿಗೆ ಜಾಗ ಇಲ್ಲೆ /
ದೇವಪ್ಪಣ್ಣಂಗೆ ಈಗ ಕೆಂಪ್ ಬೇಕಂಬ್ರ್ ಮೊದ್ಲ್ ನೀಲಿ ಅಂದದ್ದ್ ಯಾರ್ ಇವ್ರ ಅಜ್ಜನಾ /
ಇನ್ನೊಂದ್ಸಲ ಒಂಬತ್ತನೇ ಕ್ಲಾಸ್ ಅಂದ್ರೆ ಇವ್ರ ಮೋರೆಯನ್ನೇ ಲಿಂಬಿಹಣ್ ಮಾಡ್ತೆ /
ಪುನಃ ಕೆಂಪಂಬ್ರ್ ಇವ್ರ ಮಂಡಿಯಂಗೆ ಎಂತ ಸಿಗ್ನಲ್ ಲೈಟ್ ಇತ್ತಾ /

(ಫೋಲ್ಡರಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲು ಕಂಪ್ಯೂಟರ್ ಬಿಡುವುದಿಲ್ಲ. ಆದಕಾರಣ ಕೇಳಿದ ಪ್ರಶ್ನೆಗಳೆಲ್ಲ ತೀರ್ಮಾನದಂತೆ ಕಾಣುತ್ತವೆ.)

ವಿಜೇತಕ್ಕ ಇಲ್ಲಿ ನಿಲ್ಲಿಸಿ ನೀರು ಕುಡಿದರು. ಯಾರೂ ನಗಲಿಲ್ಲ. ಎಲ್ಲರೂ ದೇವಪ್ಪನವರ ಮೋರೆ ನೋಡಿದರು, ಅದೂ ಪುನಃ ಕೆಂಪಾಗಿತ್ತು. “ಓದ್” ಎಂದರು ಅವರು. ವಿಜೇತಕ್ಕ ಎಲ್ಲಕ್ಕಿಂತ ಒಳಗಿನ, ಕಡೆಯ ಫೋಲ್ಡರಿನ ಹೆಸರು ಓದಿದರು:
ಥೂ ಕೆಂಪೇ ಚಂದ ದೇವಪ್ಪಣ್ಣ ಹೇಳದ್ದೇ ಸಮ ಇತ್ತ್

ಅದರ ಕೆಳಗೆ ತಮ್ಮ ಸಾಫ್ಟ್‌ವೇರಿನ ಷರಾ: “ಒಂದರೊಳಗೊಂದರ ಹೆಸರೆಲ್ಲ ಸೇರಿ ತೀರ ಉದ್ದವಾಯಿತು. ಬಿಡಲಾಗಿದೆ.”

೧೧. ಆಗ ಗಲಾಟೆ ಎದ್ದಿತು. “ಉದ್ದ ಹೆಸ್ರ್ ಇಟ್ಟವ ಯಾರ್? ನೀನ್!” ಎಂದು ದೇವಪ್ಪನವರು. “ಇಡು ಹಾಂಗೆ ಮಾಡ್ದವ್ರ್ ಯಾರ್? ನೀವ್!” ಎಂದು ಅರ್ಜಿದಾರ. ವಿಕೆಟ್ ಕೀಪರ್ ನಗು ತಡೆಯಲಾರದೆ ಬ್ಯಾನರಿನ ಮೇಲೇ ಉರುಳಿದ. ಕಡೆಗೆ ಪ್ರೇಮಾನಂದರು ಎರಡೂ ಕೈಯಿಂದ ಗಾಳಿಯಲ್ಲಿ ಟಿವಿಯಷ್ಟು ದೊಡ್ಡ ಚೌಕ ಬರೆದು, “ಥರ್ಡ್ ಅಂಪೈರ್ ಹತ್ರ ಕೇಂಬ” ಎಂದರು. ಸದರಿ ಥರ್ಡ್ ಅಂಪೈರ್ ತಾವೇ ಆಗಿರುತ್ತೀರಿ.

ಆದ್ದರಿಂದ, ಮತ್ತು ಮೇಲ್ಕಾಣಿಸಿದ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

ಅ) ಹೆಸರು ಉದ್ದವಾದದ್ದು ಇಟ್ಟವನ ತಪ್ಪೋ, ಇಡಿಸಿದವರ ತಪ್ಪೋ ಎಂದು ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಅರ್ಜಿದಾರ ಕೆಲಸ ಬಿಟ್ಟಿರುವುದಾಗಲೀ ಬಿಡದಿರುವುದಾಗಲೀ ಆಗಿರುವುದಿಲ್ಲ.

ಆ) ಈ ಲಾಗನ್ನು ಓದಿದ ಮೇಲೆ ಮರೆಯಬೇಕು.

ಇ) ದೇವಪ್ಪನವರು ಇನ್ನೂ ವ್ಯಾಪಾರದಲ್ಲಿ ಮುಂದುವರಿಯುವವರಿದ್ದಾರೆ. ಆದಕಾರಣ ಫೋಲ್ಡರಿನ ಹೆಸರಿನ ಮಿತಿಯನ್ನು ಈಗಿರುವುದರ ನಾಲ್ಕು ಪಟ್ಟು ಮಾಡಿಕೊಡಬೇಕು.

ಇಂತೀ, ತೀರ್ಪು ಬರುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ರಂಜನ್

ಲಗತ್ತುಗಳು:
೧. ಸಾದಾ ಲಾಗ್ (ಉಪಯೋಗವಿಲ್ಲ)
೨. ಡೀಬಗ್ ಲಾಗ್ (ಉಪಯೋಗ ಜಾಸ್ತಿಯಾಯಿತು)
೩. ಬ್ಯಾನರಿನ ಫೋಟೋ, ಲಿಂಬೆಹಣ್ಣಿಗೆ ಬಾಣದ ಗುರುತು ಹಾಕಿದೆ

ವಿ.ಸೂ.: ಕಂಪ್ಯೂಟರಿಗೆ ಜೋಡಿಸಿದ ಟಿವಿಯನ್ನು ಬಿಡಿಸಲು ಮರೆತುಹೋಗಿರುವುದು ಈಗಷ್ಟೇ ಗಮನಕ್ಕೆ ಬಂದಿದೆ. ಈ ಅರ್ಜಿಯನ್ನು ಅಂಶ ೧ರಿಂದ ಎಲ್ಲರೂ ಓದುತ್ತಾ ನಿಂತಿದ್ದಾರೆ. ಅಂಶ ೬ರ ಕಡೆಯಲ್ಲಿರುವ, ಬೆಳಕು ಬಿಡಿಸುವ ಕೆಲಸದ ಸಾಲನ್ನು ದೇವಪ್ಪನವರು ಎರಡೆರಡು ಸಲ ಓದಿದರು. ಈಗ ಕುರ್ಚಿಯ ಹಿಂದೆ ಬಂದು ನಿಂತು ಹೇಳುತ್ತಿದ್ದಾರೆ: “ಅಂಪೈರ್ ಎಂತಕ್ಕೆ ಮಾರಾಯಾ? ಆ ಶಬ್ದ ನಾ ಇನ್ ಅಂಬುದಿಲ್ಲ. ಕಡೀ ಫೋಲ್ಡರಂಗೆ ಬರ್ದದ್ದನ್ನ ನೀ ಒಂದ್ಸಲ ಬಾಯಲ್ ಹೇಳ್. ನಾಳೆ ಕೆಲ್ಸಕ್ಕೆ ಬತ್ಯಾ, ಇಲ್ಯಾ?”

ಈ ಅರ್ಜಿಯನ್ನು “ನಾಳೆ ಬತ್ತೆ” ಎಂಬ ಚಿಕ್ಕ ಹೆಸರಿನ ಹೊಸ ಫೋಲ್ಡರಿನಲ್ಲಿ ಸೇವ್ ಮಾಡಿ, ಅದು ಟಿವಿಯಲ್ಲಿ ಎಲ್ಲರಿಗೂ ಕಾಣುವಾಗ ಅರ್ಜಿದಾರ ಎದ್ದು ಹೊರಗೆ ಹೋಗುತ್ತಿದ್ದಾನೆ.