ನಿಂತ ಎಮ್ಮೆಯ ಸಂವೇಗ

ಸುಳ್ಳು ಹೇಳುವುದಿದ್ದರೆ ಬಾಯಿಂದ ಹೇಳಬೇಕು, ಲೆಕ್ಕ ಮಾಡಿ ಹೇಳಬಾರದು. ಬಾಯಿಂದ ಹೇಳಿದ್ದು ನಾಲ್ಕು ದಿನಕ್ಕೆ ಸತ್ಯದ ಹಾಗೆಯೇ ಓಡಾಡತೊಡಗುತ್ತದೆ. ಲೆಕ್ಕ ಮಾಡಿದರೆ ಉತ್ತರ ಬಂದುಬಿಡುತ್ತದೆ. ಇದು ನನಗೆ ತಿಳಿದದ್ದು ಎಂಬತ್ತರ ದಶಕದ ಕೊನೆಗೆ, ರಾಯಬಾಗದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗ ನಾನು. ಎಮ್ಮೆ ಕಾಯುತ್ತ ಅಕ್ಷರ ಕಲಿತೆ. ಚಿಕ್ಕೋಡಿಯ ಬಾಡಿಗೆ ಖೋಲಿಯಲ್ಲಿ, ಅವ್ವ ಬಸ್ಸಿನಲ್ಲಿ ಕಳಿಸುತ್ತಿದ್ದ ಬುತ್ತಿ ತಿಂದು ಡಿಗ್ರಿ ಮಾಡಿದೆ. ನೌಕರಿ ಸಿಕ್ಕ ಮೇಲೆ ಒಂದು ಹಳೇ ಲೂನಾ ಮೊಪೆಡ್ ಕೊಂಡೆ. ಒಂದು ಮುಂಜಾನೆ ಅದರ ಮೇಲೆ ಶಾಲೆಗೆ ಹೊರಟವನು, ಕಟ್ಟೆಯ ಮೇಲಿನ ಜನ ನನ್ನನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಿದೆ. ಕಟ್ಟೆ ಖಾಲಿ ಇತ್ತು. ಎದುರಿಗೆ ಎಮ್ಮೆ ಇತ್ತು.

ಅದು ತಂಗೆವ್ವ ಎಂಬ ಮುದುಕಿಯ ಎಮ್ಮೆ. ಶಾಲೆಗೆ ಹೊರಟಿದ್ದ ಮಕ್ಕಳು ಓಡಿ ಬಂದು ನನ್ನನ್ನೂ ಲೂನಾವನ್ನೂ ಅದರ ಕಾಲ ಬುಡದಿಂದ ಎಬ್ಬಿಸಿದರು. ನಿಂತ ಎಮ್ಮೆಗೆ ಹೋಗಿ ಗುದ್ದಿದೆ ಎಂದು ಓದಿದವನು ಹೇಗೆ ಹೇಳುವುದು? "ಎದುರಿಂದ ಓಡಿ ಬಂದು ಹಾಯ್ದ್ಬಿಡ್ತ್ರಿ" ಎಂದೆ. ತಂಗೆವ್ವ ಅಲ್ಲೇ ಇದ್ದವಳು, ಹಾಗಲ್ಲವೆಂದು ಕೂಗಿದಳು. ಪದವೀಧರನ ಮಾತೋ ಹೆಬ್ಬೆಟ್ಟಿನ ಮುದುಕಿಯ ಮಾತೋ ಎಂದಾಗ ಊರು ನನ್ನನ್ನೇ ನಂಬಿತು. ನಮ್ಮವ್ವನದೂ ಹೆಬ್ಬೆಟ್ಟೇ ಎಂಬುದು ಆಗ ನನಗೆ ನೆನಪಾಗಲಿಲ್ಲ.

ಮುಂದಿನ ವಾರ ಹತ್ತನೆಯ ತರಗತಿಗೆ ಸಂವೇಗ, ಡಿಕ್ಕಿ ಎಂಬ ಪಾಠ. ಪಾಠಕ್ಕೆ ಜೀವ ಬರಲೆಂದು ಹಲಗೆಯ ಮೇಲೆ ನನ್ನದೇ ಲೆಕ್ಕ ಬರೆದೆ. ಲೂನಾ, ಮಾಸ್ತರು ಕೂಡಿ ನೂರಾ ಹತ್ತು ಕಿಲೋ, ವೇಗ ಸೆಕೆಂಡಿಗೆ ಐದು ಮೀಟರ್. ಎದುರಿಂದ ನಾನೂರು ಕಿಲೋ ಎಮ್ಮೆ, ವೇಗ ನಾಲ್ಕು. ಡಿಕ್ಕಿಯಾಗಿ ಎರಡೂ ಅಂಟಿಕೊಂಡರೆ ಯಾವ ಕಡೆಗೆ ಹೋಗುತ್ತವೆ?

ಅಷ್ಟರಲ್ಲಿ ತಂಗೆವ್ವ ಬಾಗಿಲಲ್ಲಿ ಬಂದು ನಿಂತಳು.

"ಮಾಸ್ತರ್ರ, ಕೊಗನೊಳ್ಳಿಯಂವ ಎಮ್ಮಿ ನೋಡಾಕ ಬಂದಿದ್ದಾ. ಹಾಯೂ ಎಮ್ಮಿ ನನಗ ಬ್ಯಾಡಂತ ಹೊಳ್ಳಿ ಹ್ವಾದಾ. ಕೂಸ ಬಾಲಾ ಹಿಡದ ಜಗ್ಗಿದ್ರೂ ಕಿಂವಿ ಅಲ್ಲಾಡ್ಸೂದಿಲ್ರಿ ಅದು! ಅದರ ಹೆಸರ ಯಾಕ ಕೆಡಿಸಿದ್ರಿ?"

"ಆಯೀ, ಪಾಠ ನಡದೈತಿ, ಆಮ್ಯಾಲ ಬಾ" ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಶೋಭಾ ಎದ್ದಳು.

"ಸರ್ರ, ಉತ್ತರ ಬಂತ್ರಿ. ನೀವು ಎಮ್ಮಿ ಕೂಡ ಹಿಂದಕ್ಕ ಹೋಗ್ಬೇಕ್ರಿ, ಸೆಕೆಂಡಿಗೆ ಎರಡು ಮೀಟರ್ ಮ್ಯಾಲ. ಆದ್ರ ನೀವು ಗುದ್ದಿದಲ್ಲೇ, ಎಮ್ಮಿ ಕಾಲಾಗ ಬಿದ್ದಿದ್ರಿ. ನಾವ ಎಬ್ಬಿಸೀವಲ್ರಿ."

"ಎಮ್ಮೆಯ ವೇಗ ಕಡಿಮೆ ಹಿಡಿದು ನೋಡು" ಎಂದೆ. ಗಾಬರಿಯಾದಾಗ ನನ್ನ ಬಾಯಿಗೆ ಪುಸ್ತಕದ ಕನ್ನಡ ಬರುತ್ತದೆ.

"ಅದನ್ನೂ ಮಾಡೇನ್ರಿ. ಎಮ್ಮಿ ವೇಗ ಸೊನ್ನೆ ಹಿಡದ್ರ ಹೊಂದತೈತ್ರಿ. ಎಮ್ಮಿ ಒಂದೀಟ ಹಿಂದ ಸರದು ನಿಲ್ಲತೈತಿ, ಅಷ್ಟ."

"ಒಂದ ಹೆಜ್ಜಿ!" ತಂಗೆವ್ವ ಹೊಸ್ತಿಲು ದಾಟಿ ಒಳಗೇ ಬಂದಳು. "ಒಂದ ಹೆಜ್ಜಿ ಹಿಂದ ಸರದಿತ್ತ ನೋಡವಾ, ಬಾಯಾಗಿನ ಮೆಲಕ ಸೈತ ಬಿಡ್ಲಿಲ್ಲ! ಗುದ್ದೂವಾಗ ನೀ ಅಲ್ಲಿ ಇದ್ದ್ಯಾ ಏನ?"

ವಿಜ್ಞಾನದಲ್ಲಿ ಇದನ್ನು ಸಿದ್ಧಾಂತಕ್ಕೆ ಪ್ರಯೋಗದ ಬೆಂಬಲ ಎನ್ನುತ್ತಾರೆ. ಬಿ.ಎಸ್ಸಿ. ಓದುವಾಗ ಮೂರು ವರ್ಷದಲ್ಲಿ ಒಂದು ಸಲವೂ ನನ್ನ ಪ್ರಯೋಗ ಇಷ್ಟು ಸರಿಯಾಗಿ ಬಂದಿರಲಿಲ್ಲ. ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು. "ಖರೇ ಏನ್ರಿ ಮಾಸ್ತರ್ರ, ಈ ಹುಡುಗಿ ಹೇಳೂದು?" ಎಂದು ಮುದುಕಿ ಕೇಳಿದಳು. ಅಲ್ಲವೆನ್ನಲು ನ್ಯೂಟನ್ನನನ್ನೇ ತಪ್ಪೆನ್ನಬೇಕಿತ್ತು. ಪಾಠ ಬೇರೆ ಇನ್ನೂ ಅರ್ಧ ಉಳಿದಿತ್ತು.

"ಖರೇನ, ಆಯೀ."

"ಹಂಗಾದ್ರ ಬರದ ಕೊಡ್ರಿ. ನಾ ಬಾಯ್ಲೆ ಹೇಳಿದ್ರ ಯಾರ ನಂಬ್ತಾರ?"

ಬರೆದುಕೊಟ್ಟೆ: ‘ಸದರಿ ಎಮ್ಮೆಯು ಡಿಕ್ಕಿಯ ಸಮಯದಲ್ಲಿ ಪೂರ್ಣ ನಿಶ್ಚಲ ಸ್ಥಿತಿಯಲ್ಲಿತ್ತು. ಚಲನೆಯಲ್ಲಿದ್ದವನು ಕೆಳಗೆ ಸಹಿ ಮಾಡಿದವನು.’ ಕೆಳಗೆ ಸಹಿ, ಅದರ ಮುಂದೆ ಬಿ.ಎಸ್ಸಿ., ಬಿ.ಎಡ್. ಮುದುಕಿ ಕಾಗದ ಮಡಚಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, "ನಿಮ್ಮ ಕಲಿಕಿ ಛಲೋ ಐತ್ರಿ, ಮಾಸ್ತರ್ರ" ಎಂದು ಹೋದಳು. ಎರಡೇ ದಿನದಲ್ಲಿ ಕೊಗನೊಳ್ಳಿಯವನು ಬಂದು, ರೊಕ್ಕ ಕೊಟ್ಟು ಎಮ್ಮೆ ಹೊಡೆದುಕೊಂಡು ಹೋದ.

ಹೋಗಲಿ ಬಿಡಿ. ನಾನು ಕಲಿಸಿದ ಸಂವೇಗವನ್ನು ನಿಜಕ್ಕೂ ಅರ್ಥ ಮಾಡಿಕೊಂಡ ಮೊದಲ ವಿದ್ಯಾರ್ಥಿ ಆ ಶೋಭಾ. ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಸಂತೋಷ ಉಂಟೇ? ಸಂಜೆ ಅವಳ ಲೆಕ್ಕದ ವಹಿಯನ್ನು ಎರಡು ಸಲ, ಮೂರು ಸಲ ಓದಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ. ಕಡೆಗೆ, ಉತ್ತರದ ಮುಂದೆ ಮೀಟರ್, ಸೆಕೆಂಡ್ ಎಂಬ ಮಾನ ಬರೆದಿಲ್ಲವೆಂದು ಅರ್ಧ ಅಂಕ ಕಳೆದೆ.